ವಿದ್ಯುತ್ತು ಹೋದಾಗ ಹಿಡಿಯುವ ಬ್ರೇಕು

ಹೊಸೂರಿನ ಕಾರ್ಖಾನೆಯೊಂದರಲ್ಲಿ ಎರಡು ಟನ್ನು ತೂಕದ ಉಕ್ಕಿನ ಅಚ್ಚನ್ನು ಕ್ರೇನು ಮೇಲಕ್ಕೆತ್ತಿದೆ ಎಂದು ಭಾವಿಸಿರಿ. ಅದೇ ಕ್ಷಣಕ್ಕೆ ವಿದ್ಯುತ್ತು ಹೋಯಿತು. ಮೋಟಾರಿನ ಶಕ್ತಿಯೆಲ್ಲ ಉಡುಗಿತು. ಆದರೂ ಅಚ್ಚು ಬೀಳದೆ ನಡುಗಾಳಿಯಲ್ಲಿಯೇ ನಿಲ್ಲುತ್ತದೆ. ಅದನ್ನು ಹಿಡಿದಿರುವುದು ವಿದ್ಯುತ್ಕಾಂತೀಯ ಬ್ರೇಕು.

ವಿದ್ಯುತ್ತಿನಿಂದ ನಡೆಯುವ ಬ್ರೇಕು ವಿದ್ಯುತ್ತಿಲ್ಲದಾಗ ಹಿಡಿಯುವುದೆಂತು? ಮೊಳೆಗೆ ತಂತಿ ಸುತ್ತಿ ಗುಂಡುಸೂಜಿಗಳನ್ನು ಎತ್ತಿ ನೋಡಿದ ವಿದ್ಯಾರ್ಥಿಗೆ ಅರ್ಧ ಉತ್ತರ ಆಗಲೇ ತಿಳಿದಿದೆ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ರಚಿಸಿದ, ಸುಮಾರು 200 ಗ್ರಾಂ ತೂಕದ ಲಾಳಾಕಾರದ ವಿದ್ಯುತ್ಕಾಂತವು ಸುಮಾರು 4 ಕಿಲೋ ಭಾರವನ್ನು ಎತ್ತಿತ್ತು. ಪ್ರವಾಹ ನಿಂತೊಡನೆ ಬಿಟ್ಟುಬಿಡುತ್ತಿತ್ತು. ಉಳಿದರ್ಧ ಉತ್ತರ ಸ್ಪ್ರಿಂಗಿನಲ್ಲಿದೆ. ಈ ಬಗೆಯ ಬ್ರೇಕನ್ನು ಒತ್ತಿ ಹಿಡಿಯುವುದು ಸ್ಪ್ರಿಂಗು. ಬಿಡಿಸುವುದಷ್ಟೇ ಕಾಂತದ ಕೆಲಸ. ಮೋಟಾರು ಚಾಲೂ ಆದಾಗ ಕಾಂತವು ಉಕ್ಕಿನ ಫಲಕವನ್ನು ಸೆಳೆದು ಸ್ಪ್ರಿಂಗನ್ನು ಅದುಮುತ್ತದೆ, ತಟ್ಟೆ ತಿರುಗತೊಡಗುತ್ತದೆ. ವಿದ್ಯುತ್ತು ಹೋಗಲಿ, ತಂತಿಯೇ ಕಡಿಯಲಿ, ಸ್ಪ್ರಿಂಗು ಮರಳಿ ಫಲಕವನ್ನು ತಟ್ಟೆಗೆ ಒತ್ತುತ್ತದೆ.

ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ಈ ಪಾಠವೇ ಮುಂದೆ ಐ.ಟಿ.ಐ. ಕಾರ್ಯಾಗಾರದಲ್ಲಿ ಕಾಯಿಲ್, ಆರ್ಮೇಚರ್ ಎಂಬ ಹೆಸರುಗಳಲ್ಲಿ ಎದುರಾಗುತ್ತದೆ. ಹೆಸರು ಕೇಳಿ ಅಂಜಬೇಕಾಗಿಲ್ಲ. ಒಂದು ಸುರುಳಿ, ಮತ್ತೊಂದು ಫಲಕ.

ಕಾಂತಕ್ಕೂ ಫಲಕಕ್ಕೂ ನಡುವಿನ ಸಂದು ಸಣ್ಣ ಬ್ರೇಕುಗಳಲ್ಲಿ ಒಂದು ಮಿಲಿಮೀಟರಿಗಿಂತಲೂ ಕಿರಿದು. ಲೈನಿಂಗು ಸವೆದಂತೆ ಈ ಸಂದು ಹಿಗ್ಗುತ್ತದೆ. ಸಂದು ಇಮ್ಮಡಿಯಾದರೆ ಕಾಂತದ ಸೆಳೆತ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಸವೆದ ಬ್ರೇಕು ಜಾರುತ್ತದೆಂದು ನಾವು ಎಣಿಸುತ್ತೇವೆ. ಈ ಬ್ರೇಕಾದರೋ ಹಲವು ವೇಳೆ ಮೊದಲು ಬಿಡಲೊಲ್ಲದು. ಮೋಟಾರು ಮೊರೆಯುತ್ತದೆ, ಬಿಸಿಯೇರುತ್ತದೆ, ಲೈನಿಂಗು ಸುಟ್ಟ ವಾಸನೆ ಬರುತ್ತದೆ. ಕೆಲಸ ನಿಲ್ಲಬಾರದೆಂಬ ಆತುರದಲ್ಲಿ ಸ್ಪ್ರಿಂಗನ್ನು ಸಡಿಲಿಸುವವರೂ, ಕೈಯಿಂದ ಬ್ರೇಕು ಬಿಡಿಸುವ ಹಿಡಿಯನ್ನು ತಂತಿಯಿಂದ ಕಟ್ಟಿಹಾಕುವವರೂ ಉಂಟು. ಆಗ ಯಂತ್ರವೇನೋ ಓಡುತ್ತದೆ. ಆದರೆ ಮುಂದಿನ ಸಲ ವಿದ್ಯುತ್ತು ಹೋದಾಗ ಭಾರವನ್ನು ಹಿಡಿಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಬ್ರೇಕು ಬಿಸಿಯಾಗುತ್ತಿದ್ದರೆ ಮಾಡಬೇಕಾದದ್ದು ಇಷ್ಟು: ಭಾರವನ್ನು ನೆಲಕ್ಕಿಳಿಸಿ, ಮುಖ್ಯ ಸ್ವಿಚ್ಚು ಆರಿಸಿ ಬೀಗ ಹಾಕಿ, ಬಲ್ಲ ಕೆಲಸಗಾರನನ್ನು ಕರೆಸುವುದು. ಅವನು ಫೀಲರ್ ಗೇಜಿನಿಂದ ಸಂದನ್ನು ಅಳೆದು ತಯಾರಕರು ಸೂಚಿಸಿದ ಅಳತೆಗೆ ತರುತ್ತಾನೆ. ಲೈನಿಂಗು ತೀರ ತೆಳುವಾಗಿದ್ದರೆ ಹೊಸದನ್ನು ಹಾಕುತ್ತಾನೆ.