ಶೀತಲಗೃಹದ ದುಡಿಮೆಗೆ ಬೆಚ್ಚನೆಯ ಉಡುಪು: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಮಂಡ್ಯ ಜಿಲ್ಲೆ ಎಂದೊಡನೆ ಕಬ್ಬು, ಬೆಲ್ಲ, ಭತ್ತ ನೆನಪಿಗೆ ಬರುವುದು ಸಹಜ. ಆದರೆ ಚಳಿಯನ್ನೇ ಆಧರಿಸಿದ ವ್ಯವಹಾರವೂ ಇಲ್ಲಿ ಉಂಟು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಸಹಕಾರ ಹಾಲು ಒಕ್ಕೂಟದ ಡೇರಿಯಿದೆ. ಐಸ್‌ಕ್ರೀಂ, ಮೀನು, ಮಾಂಸದ ಸಗಟು ವ್ಯಾಪಾರಕ್ಕೂ ಶೀತಲ ಕೊಠಡಿ ಬೇಕು. ಇಂತಹ ಕೊಠಡಿಯ ಯಂತ್ರಕ್ಕೆ ಲಕ್ಷಾಂತರ ರೂಪಾಯಿ ವ್ಯಯಿಸುವ ಮಾಲೀಕರು ಅದರೊಳಗೆ ದುಡಿಯುವವನ ಉಡುಪಿನ ಬಗ್ಗೆ ಅಷ್ಟೇ ಯೋಚಿಸಬೇಕಾದುದು ನ್ಯಾಯ.

ಹಾಲಿನ ದಾಸ್ತಾನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ; ಐಸ್‌ಕ್ರೀಂ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕಡಿಮೆಯಲ್ಲಿ. ಹೊರಗೆ ಬೇಸಿಗೆಯ ಬಿಸಿಲು 35 ಡಿಗ್ರಿ ಇದ್ದರೆ, ಒಂದು ಬಾಗಿಲು ದಾಟಿದೊಡನೆ ಕಾರ್ಮಿಕನ ದೇಹ 50 ಡಿಗ್ರಿಗೂ ಮಿಕ್ಕ ವ್ಯತ್ಯಾಸವನ್ನು ಎದುರಿಸಬೇಕು. ಲಾರಿಗೆ ಕ್ರೇಟು ಏರಿಸುವಾಗ ಬೆವರಿದ ಬಟ್ಟೆ ಒಳಗೆ ಹೋದಾಗ ಮೈಯ ಶಾಖವನ್ನು ಹೀರುತ್ತದೆ. ಆದ್ದರಿಂದ ಇಲ್ಲಿನ ನಿಜವಾದ ಶತ್ರು ಚಳಿಗಿಂತಲೂ ತೇವ.

ಡಂಗರಿಯೇ ಏಕೆ?

ಸ್ವೆಟರ್ ಅಥವಾ ಜಾಕೆಟ್ ತೊಟ್ಟವನು ಬಗ್ಗಿ ಕ್ರೇಟು ಎತ್ತಿದಾಗ ಬೆನ್ನಿನ ಕೆಳಭಾಗ ಬಯಲಾಗುತ್ತದೆ. ಎದೆಯವರೆಗೆ ಬರುವ, ಭುಜಪಟ್ಟಿಯುಳ್ಳ ಡಂಗರಿ ಈ ಸಂದನ್ನು ಮುಚ್ಚುತ್ತದೆ. ತೊಡೆ, ಮಂಡಿಗಳನ್ನೂ ಕಾಯುತ್ತದೆ. ಶೀತ ದೇಶಗಳಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕುಳಿತು ಮೀನು ಹಿಡಿಯುವವರು ತೊಡುವುದೂ ಇದೇ ಮಾದರಿಯನ್ನು.

ಕೊಳ್ಳುವ ಮುನ್ನ

ಮೊದಲು ಕೊಠಡಿಯ ತಾಪಮಾನ ಹಾಗೂ ಒಳಗಿರುವ ಅವಧಿಯನ್ನು ಬರೆದಿಟ್ಟುಕೊಳ್ಳಬೇಕು. ಯುರೋಪಿನ ಮಾನಕಗಳಲ್ಲಿ ಮೈನಸ್ 5 ಡಿಗ್ರಿಗಿಂತ ಹೆಚ್ಚಿನ ತಂಪಿಗೆ ಇ.ಎನ್. 14058, ಅದಕ್ಕಿಂತ ಕಡಿಮೆಯ ಚಳಿಗೆ ಇ.ಎನ್. 342 ಎಂಬ ಗುರುತುಗಳಿವೆ. ಹಾಲಿನ ಕೊಠಡಿಗೆ ಮೊದಲನೆಯದು ಸಾಕು. ಐಸ್‌ಕ್ರೀಂ ಕೊಠಡಿಗೆ ಎರಡನೆಯದು ಅಗತ್ಯ. ತೀರ ದಪ್ಪನೆಯ ಉಡುಪು ಬೆವರನ್ನು ಹೆಚ್ಚಿಸುವುದರಿಂದ ದಪ್ಪವೊಂದನ್ನೇ ಗುಣವೆಂದು ಭಾವಿಸಬಾರದು.

ಒಳತುಂಬುವಿಕೆಗೆ ಪಾಲಿಯೆಸ್ಟರ್ ವ್ಯಾಡಿಂಗ್ ಸೂಕ್ತ. ಹಕ್ಕಿಯ ತುಪ್ಪಳ ಹಗುರವಾದರೂ ನೆನೆದರೆ ಮುದ್ದೆಯಾಗಿ ಬಿಸುಪು ಕಳೆದುಕೊಳ್ಳುತ್ತದೆ. ಹತ್ತಿಯೂ ತೇವವನ್ನು ಹಿಡಿದಿಡುತ್ತದೆ; ಆದುದರಿಂದ ಒಳಅಂಗಿಯೂ ಹತ್ತಿಯದಾಗದಿರುವುದು ಲೇಸು. ಉಣ್ಣೆ ಉತ್ತಮವೇ, ಆದರೆ ಮಳವಳ್ಳಿ ಸೀಮೆಯ ಹೆಸರಾಂತ ಬನ್ನೂರು ಕುರಿ ಮಾಂಸದ ತಳಿ. ಅದರ ಉಣ್ಣೆ ಒರಟು, ಪ್ರಮಾಣವೂ ಅಲ್ಪ. ಉಣ್ಣೆಯ ಉಡುಪು ಬೇಕಾದವರು ಹೊರಗಿನಿಂದಲೇ ತರಿಸಬೇಕಾಗುತ್ತದೆ.

ಡಂಗರಿ ಬಿಗಿಯಾಗಿರಬಾರದು, ಒತ್ತಿದ ವ್ಯಾಡಿಂಗ್‌ನಲ್ಲಿ ಗಾಳಿ ನಿಲ್ಲದು, ಗಾಳಿ ನಿಲ್ಲದಿದ್ದರೆ ಶಾಖವೂ ನಿಲ್ಲದು. ಬೂಟಿನ ಮೇಲೆಯೇ ಕಳಚಲು ಅನುವಾಗುವಂತೆ ಕಾಲಿನ ಪಕ್ಕದಲ್ಲಿ ಉದ್ದನೆಯ ಜಿಪ್, ಕೈಗವಸು ತೊಟ್ಟೇ ಎಳೆಯಬಹುದಾದ ಹಿಡಿ, ಮಂಡಿಗೆ ಇಮ್ಮಡಿ ಬಟ್ಟೆ, ಉದ್ದ ಹೊಂದಿಸಬಹುದಾದ ಭುಜಪಟ್ಟಿ ಇವೆಯೇ ಎಂದು ಪರೀಕ್ಷಿಸಬೇಕು.

ಸ್ಥಳೀಯ ತಯಾರಕರಿಗೆ ಅವಕಾಶ

ಮದ್ದೂರು ತಾಲ್ಲೂಕಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿವೆ, ನುರಿತ ಹೊಲಿಗೆಗಾರರೂ ಇದ್ದಾರೆ. ಸಣ್ಣ ಘಟಕಗಳು ಈ ಉಡುಪನ್ನು ತಯಾರಿಸಲು ಮುಂದಾಗಬಹುದು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ವ್ಯಾಡಿಂಗನ್ನು ಹೊರಬಟ್ಟೆಯ ಜತೆ ಸೇರಿಸಿ ಹೊಲಿದರೆ ಸೂಜಿಯ ರಂಧ್ರಗಳ ಮೂಲಕ ಗಾಳಿ, ನೀರು ನುಸುಳುತ್ತವೆ. ಅದನ್ನು ಒಳಗಿನ ಲೈನಿಂಗ್‌ಗೆ ಮಾತ್ರ ಹೊಲಿದು, ಲೇಪನವಿರುವ ಹೊರಬಟ್ಟೆಯನ್ನು ಪ್ರತ್ಯೇಕವಾಗಿ ಇರಿಸುವುದು ಯೋಗ್ಯ. ಪ್ರಯೋಗಾಲಯದ ಪರೀಕ್ಷೆಯಾಗದೆ ಮಾನಕದ ಗುರುತನ್ನು ಹಾಕುವಂತಿಲ್ಲ ಎಂಬುದನ್ನೂ ಮರೆಯಬಾರದು.

ಕೊಳ್ಳುವವರು ಒಮ್ಮೆಗೇ ಡಜನ್‌ಗಟ್ಟಲೆ ತರಿಸದೆ, ಒಂದೆರಡನ್ನು ತರಿಸಿ ಪೂರ್ತಿ ಪಾಳಿ ಉಡಿಸಿ ನೋಡಿ, ತೊಟ್ಟವನ ಅಭಿಪ್ರಾಯ ಕೇಳುವುದು ಜಾಣತನ. ತಲೆಗೆ ಎರಡು ಜೊತೆ ಇದ್ದರೆ ಒಂದು ಒಣಗುವಾಗ ಇನ್ನೊಂದು ಉಪಯೋಗಕ್ಕೆ ಬರುತ್ತದೆ. ಹಿಂದಿನ ಪಾಳಿಯವನು ಬಿಚ್ಚಿದ ಒದ್ದೆ ಉಡುಪನ್ನೇ ಮುಂದಿನವನು ತೊಡುವ ರೂಢಿ ಎಷ್ಟು ಬೆಲೆಯ ಡಂಗರಿಯನ್ನೂ ವ್ಯರ್ಥಗೊಳಿಸುತ್ತದೆ. ಕೈಗವಸು, ಬೂಟು, ನಡುನಡುವೆ ಬೆಚ್ಚಗಿನ ಜಾಗದಲ್ಲಿ ವಿರಾಮ, ಇವೂ ಜೊತೆಗಿದ್ದರೆ ಮಾತ್ರ ಮಾಡಿದ ವೆಚ್ಚ ಸಾರ್ಥಕ.