ಸಮೀಪದ ತೆರೆ

ಗೋಡೆಯ ಮೇಲೆ ಆಳೆತ್ತರದ ಚಿತ್ರಗಳನ್ನು ಮೂಡಿಸುವ ಪ್ರೊಜೆಕ್ಟರನ್ನು ಎಲ್ಲರೂ ಬಲ್ಲರು. ಆದರೆ ಗೇಣಿಗಿಂತ ಕಡಿಮೆ ದೂರದಲ್ಲಿ, ಅಂಗೈಗಿಂತ ಕಿರಿದಾದ ಚಿತ್ರವನ್ನು ಮೂಡಿಸಬೇಕಾದ ಸಂದರ್ಭಗಳೂ ಉಂಟು. ಬೆಳಕು ತಾಗಿದೆಡೆ ಗಟ್ಟಿಯಾಗುವ ರಾಳದ್ರವದಿಂದ ಪದರಪದರವಾಗಿ ವಸ್ತುಗಳನ್ನು ನಿರ್ಮಿಸುವ ವಿಧಾನವನ್ನು ಜಪಾನಿನ ಹಿಡಿಯೊ ಕೊಡಾಮ ಅವರು 1981ರಲ್ಲಿ ವಿವರಿಸಿದರು. ಈ ಬಗೆಯ ಕೆಲವು ಯಂತ್ರಗಳಲ್ಲಿ ಪ್ರತಿ ಪದರದ ಆಕಾರವನ್ನೂ ಪ್ರೊಜೆಕ್ಟರೇ ರಾಳದ ಮೇಲೆ ಮೂಡಿಸುತ್ತದೆ. ಅಲ್ಲಿ ಚಿತ್ರ ಮಸುಕಾದರೆ ವಸ್ತುವೇ ಕೆಡುವುದು.

ಸಾಮಾನ್ಯ ಪ್ರೊಜೆಕ್ಟರನ್ನು ತೆರೆಯ ಬಳಿಗೆ ಸರಿಸಿದರೆ ಚಿತ್ರವು ಕಲಸಿಹೋಗುತ್ತದೆ. ಇದಕ್ಕೆ ಕಾರಣವೇನು? ಪ್ರೊಜೆಕ್ಟರಿನೊಳಗೆ ಚಿತ್ರವನ್ನು ರೂಪಿಸುವ ಸಣ್ಣ ಫಲಕವೊಂದಿದೆ. ಅದರ ಮುಂದಿರುವ ಮಸೂರಗಳ ಸಮೂಹವು ಒಂದೇ ಪೀನಮಸೂರದಂತೆ ವರ್ತಿಸುತ್ತದೆ. ಫಲಕವು ಮಸೂರದ ಸಂಗಮಬಿಂದುವಿನಿಂದ ತುಸುವೇ ಆಚೆಗಿದ್ದರೆ ಬಿಂಬವು ಬಹು ದೂರದಲ್ಲಿ, ಬಹು ದೊಡ್ಡದಾಗಿ ಮೂಡುತ್ತದೆ. ಫಲಕಕ್ಕೂ ಮಸೂರಕ್ಕೂ ನಡುವಣ ಅಂತರ ಹೆಚ್ಚಿದಂತೆ ಬಿಂಬವು ಹತ್ತಿರವಾಗುತ್ತದೆ, ಕಿರಿದೂ ಆಗುತ್ತದೆ.

ಮಸೂರದ ಸಂಗಮದೂರ 20 ಮಿಲಿಮೀಟರ್ ಎಂದಿರಲಿ. ತೆರೆಯು 2 ಮೀಟರ್ ದೂರದಲ್ಲಿದ್ದರೆ ಫಲಕವು ಮಸೂರದಿಂದ 20.2 ಮಿಲಿಮೀಟರ್ ದೂರದಲ್ಲಿರಬೇಕು. ಆಗ ಬಿಂಬವು ಸುಮಾರು 99 ಪಟ್ಟು ದೊಡ್ಡದು. ತೆರೆಯು 10 ಸೆಂಟಿಮೀಟರ್ ದೂರದಲ್ಲಿದ್ದರೆ ಆ ಅಂತರವು 25 ಮಿಲಿಮೀಟರ್ ಆಗಬೇಕು; ಆಗ ಬಿಂಬವು 4 ಪಟ್ಟು ಮಾತ್ರ. ಹೀಗೆ ಮಸೂರವು 4.8 ಮಿಲಿಮೀಟರ್ ಮುಂದಕ್ಕೆ ಸರಿಯಬೇಕು. ಗೋಡೆಯ ಚಿತ್ರಕ್ಕೆಂದೇ ರಚಿತವಾದ ಪ್ರೊಜೆಕ್ಟರಿನ ತಿರುಗುಬಳೆಯು ಇಷ್ಟು ಸರಿಯಲಾರದು.

ಇದಕ್ಕೆ ಎರಡು ಉಪಾಯಗಳಿವೆ. ಮಸೂರದ ಹಿಂದೆ ಒಂದು ಬಳೆಯನ್ನು ಸೇರಿಸಿ ಅದನ್ನು ಮುಂದಕ್ಕೆ ತರುವುದು ಮೊದಲನೆಯದು. ಆದರೆ ಹೀಗೆ ಮಾಡಿದಾಗ ಫಲಕದಿಂದ ಹೊರಟ ಬೆಳಕೆಲ್ಲ ಮಸೂರವನ್ನು ಸೇರದೆ ಚಿತ್ರದ ಅಂಚುಗಳು ಮಂಕಾಗಬಹುದು. ಎರಡನೆಯದು ಪ್ರೊಜೆಕ್ಟರಿನ ಮುಂದೆ ಇನ್ನೊಂದು ಪೀನಮಸೂರವನ್ನು ಇಡುವುದು. ವಯಸ್ಸಾದವರ ಕಣ್ಣು ಹತ್ತಿರದ ಅಕ್ಷರಗಳನ್ನು ಕಾಣಲಾರದಾದಾಗ ಚಾಳೀಸು ನೆರವಾಗುವುದಷ್ಟೆ. ಈ ಮಸೂರವು ಪ್ರೊಜೆಕ್ಟರಿಗೆ ತೊಡಿಸಿದ ಚಾಳೀಸು. ಬಹು ದೂರಕ್ಕೆ ಹೊಂದಿಸಿದ ಪ್ರೊಜೆಕ್ಟರಿನಲ್ಲಿ, ಫಲಕದ ಪ್ರತಿ ಬಿಂದುವಿನಿಂದ ಬಂದ ಕಿರಣಗಳೂ ಮಸೂರವನ್ನು ದಾಟಿ ಸಮಾಂತರವಾಗಿ ಹೊರಬರುತ್ತವೆ. 10 ಸೆಂಟಿಮೀಟರ್ ಸಂಗಮದೂರದ ಹೊಸ ಮಸೂರವು ಅವನ್ನು ತನ್ನಿಂದ 10 ಸೆಂಟಿಮೀಟರ್ ದೂರದಲ್ಲಿ ಕೂಡಿಸುತ್ತದೆ. ಆಗ ಬಿಂಬವು 5 ಪಟ್ಟು ದೊಡ್ಡದು.

ಇದರಿಂದ ದೊರೆಯುವ ಲಾಭ ಸೂಕ್ಷ್ಮತೆ. ಅಮೆರಿಕದ ಲ್ಯಾರಿ ಹಾರ್ನ್‌ಬೆಕ್ ಅವರು 1987ರಲ್ಲಿ ಕಂಡುಹಿಡಿದ ಫಲಕದಲ್ಲಿ ಅಸಂಖ್ಯಾತ ಕಿರುಗನ್ನಡಿಗಳಿರುತ್ತವೆ. ಒಂದೊಂದು ಕನ್ನಡಿಯೂ ಚಿತ್ರದ ಒಂದು ಕಣ. 0.0076 ಮಿಲಿಮೀಟರ್ ಅಳತೆಯ ಕಣವು 99 ಪಟ್ಟು ಹಿಗ್ಗಿದರೆ ಮುಕ್ಕಾಲು ಮಿಲಿಮೀಟರ್ ಆಗುತ್ತದೆ. 4 ಪಟ್ಟು ಹಿಗ್ಗಿದರೆ ಕೇವಲ 0.03 ಮಿಲಿಮೀಟರ್. ಇದು ಸಾಮಾನ್ಯ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ.

ಲಾಭದೊಡನೆ ತೊಡಕುಗಳೂ ಬರುತ್ತವೆ. ತೆರೆಯು ಕೂದಲೆಳೆಯಷ್ಟು ಹಿಂದುಮುಂದಾದರೂ ಸ್ಪಷ್ಟತೆ ಕುಂದತೊಡಗುವುದು. ಒಂಟಿ ಮಸೂರವಾದರೆ ಅಂಚುಗಳಲ್ಲಿ ಬಣ್ಣದ ಗೆರೆಗಳು ಕಾಣುವುವು. ಎರಡು ಬಗೆಯ ಗಾಜುಗಳ ಜೋಡಿಮಸೂರವು ಈ ದೋಷವನ್ನು ತಗ್ಗಿಸುತ್ತದೆ. ಗೋಡೆಯಗಲಕ್ಕೆ ಹರಡುತ್ತಿದ್ದ ಬೆಳಕು ಕಿರಿದಾದೆಡೆ ಸೇರುವುದರಿಂದ ಅದರ ತೀಕ್ಷ್ಣತೆ ನೂರಾರು ಪಟ್ಟು ಹೆಚ್ಚುತ್ತದೆ. ಅದನ್ನು ನೇರವಾಗಿ ನೋಡಿದರೆ ಕಣ್ಣಿಗೆ ಅಪಾಯ. ದೂರಕ್ಕೆಂದು ರೂಪಿಸಿದ ಉಪಕರಣವನ್ನು ಸಮೀಪಕ್ಕೆ ಒಗ್ಗಿಸಬಹುದು. ಆದರೆ ಅದರ ನಿಯಮವನ್ನೂ ಮಿತಿಯನ್ನೂ ಅರಿತವರಿಗೆ ಮಾತ್ರ ಅದು ಸಾಧ್ಯ.