ಒಂದೇ ತಟ್ಟೆ, ಎರಡು ಯಂತ್ರ

ಗದಗ ಸೀಮೆಗೆ ಸಂಗೀತ ಹೊರಗಿನಿಂದ ಬಂದ ಅತಿಥಿಯಲ್ಲ, ಮನೆಯ ಮಗಳು. ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವುದು ಗದಗಿನಲ್ಲಿ. ಭೀಮಸೇನ ಜೋಶಿಯವರು 1922ರಲ್ಲಿ ಜನಿಸಿದ್ದೂ ಈ ಸೀಮೆಯಲ್ಲಿಯೇ. ಇಂಥ ಗಾಯಕರ ಸಿ.ಡಿ.ಗಳನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟ ಮನೆಗಳು ಗದಗ-ಬೆಟಗೇರಿಯ ಓಣಿಗಳಲ್ಲಿಯೂ ಉಂಟು, ಹರ್ತಿಯಂಥ ಊರುಗಳಲ್ಲಿಯೂ ಉಂಟು. ಅವುಗಳನ್ನು ನುಡಿಸುವುದು ಬಹುಮಟ್ಟಿಗೆ ಸಿನಿಮಾ ನೋಡಲೆಂದು ಹಿಂದೆ ಕೊಂಡ ಅಗ್ಗದ ಡಿ.ವಿ.ಡಿ. ಪ್ಲೇಯರ್. ಸಂಗೀತಕ್ಕೆಂದೇ ಮಾಡಿದ ಸಿ.ಡಿ. ಪ್ಲೇಯರಿಗೆ ಬೇರೆಯಾಗಿ ಹಣ ತೆರಬೇಕೇ? ಸಂಸಾರವಂದಿಗರಿಗೆ ಇದು ಸಣ್ಣ ಪ್ರಶ್ನೆಯೇನಲ್ಲ.

ಸಿ.ಡಿ. ಪೇಟೆಗೆ ಬಂದದ್ದು 1982ರಲ್ಲಿ, ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳ ಕೂಡುದುಡಿಮೆಯಿಂದ. ಅದರಲ್ಲಿ ಸೂಜಿ ಓಡುವ ಗೆರೆಯಿಲ್ಲ. ಇರುವುದು ಕೇವಲ ಅಂಕಿಗಳು. ಎಡಬಲದ ಒಂದೊಂದು ದನಿಯನ್ನೂ ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳ ಅಂಕಿಯಾಗಿ ಬರೆದಿರುತ್ತಾರೆ. ಯಂತ್ರವು ಲೇಸರ್ ಕಿರಣದಿಂದ ಅದನ್ನು ಓದುತ್ತದೆ. ಸಣ್ಣಪುಟ್ಟ ಗೀರುಗಳಿಂದ ಅಳಿಸಿದ ಅಂಕಿಗಳನ್ನು ಲೆಕ್ಕ ಹಾಕಿ ತಿದ್ದಿಕೊಳ್ಳುವ ಏರ್ಪಾಡೂ ಅದರಲ್ಲಿದೆ. ಆದುದರಿಂದ ತಟ್ಟೆ ಶುಚಿಯಾಗಿದ್ದು ಯಂತ್ರ ಸರಿಯಾಗಿದ್ದರೆ, ಅಗ್ಗದ ಡಿ.ವಿ.ಡಿ. ಪ್ಲೇಯರೂ ಬೆಲೆಯುಳ್ಳ ಸಿ.ಡಿ. ಪ್ಲೇಯರೂ ಓದುವುದು ಅವೇ ಅಂಕಿಗಳನ್ನು.

ಭೇದ ಹುಟ್ಟುವುದು ಓದಿದ ಮೇಲೆ. ಅಂಕಿಗಳನ್ನು ಮರಳಿ ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸಬೇಕಷ್ಟೆ? ಅಗ್ಗದ ಡಿ.ವಿ.ಡಿ. ಪ್ಲೇಯರಿನಲ್ಲಿ ಚಿತ್ರದ ಕೆಲಸ, ದನಿಯ ಕೆಲಸ ಎರಡೂ ಒಂದೇ ಇಕ್ಕಟ್ಟಿನಲ್ಲಿ ನಡೆಯುತ್ತವೆ. ವಿದ್ಯುತ್ತನ್ನು ಒದಗಿಸುವ ಭಾಗದಲ್ಲಿಯೂ ಮಿತವ್ಯಯ. ಅಲ್ಲಿಯ ಗದ್ದಲ ದನಿಯ ದಾರಿಗೆ ಸೋರಬಹುದು. ಸಿನಿಮಾದ ದನಿಯ ಅಳತೆ ಸಾಮಾನ್ಯವಾಗಿ ಸೆಕೆಂಡಿಗೆ 48,000. ಕೆಲವು ಯಂತ್ರಗಳು ಸಿ.ಡಿ.ಯ 44,100ನ್ನೂ ಅದಕ್ಕೇ ಹೊಂದಿಸಿಕೊಳ್ಳುತ್ತವೆ. ಆ ಲೆಕ್ಕ ಒರಟಾದರೆ ದನಿಯೂ ಅಷ್ಟಿಷ್ಟು ಕೆಡುತ್ತದೆ. ಒಳ್ಳೆಯ ಸಿ.ಡಿ. ಪ್ಲೇಯರಿನಲ್ಲಿ ಈ ಭಾಗಗಳಿಗೇ ಹೆಚ್ಚು ಹಣ ಸಂದಿರುತ್ತದೆ. ಆದರೆ ಹೆಸರೊಂದರಿಂದಲೇ ಗುಣ ಬಾರದು. ಕಳಪೆ ಸಿ.ಡಿ. ಪ್ಲೇಯರಿಗಿಂತ ಮೇಲಾದ ಡಿ.ವಿ.ಡಿ. ಪ್ಲೇಯರುಗಳೂ ಇವೆ.

ಈ ಭೇದವನ್ನು ಸಿನಿಮಾ ಹಾಡಿನ ಅಬ್ಬರದಲ್ಲಿ ಹುಡುಕಿದರೆ ಸಿಕ್ಕದು. ವಿಲಂಬಿತ ಆಲಾಪದ ನಡುವಣ ಮೌನದಲ್ಲಿ, ತಂಬೂರಿಯ ನಾದ ಕರಗುವ ಕೊನೆಯಲ್ಲಿ ಕಿವಿಗೊಡಬೇಕು. ಅಲ್ಲಿ ಸಣ್ಣ ಗುಂಯ್‌ಗುಟ್ಟುವಿಕೆಯೋ ಹಿಸ್ಸೆಂಬ ಸದ್ದೋ ಕೇಳಿದರೆ ಯಂತ್ರದ ದೋಷವಿರಬಹುದು. ತಟ್ಟೆಯನ್ನು ನಿಲ್ಲಿಸಿದ ಮೇಲೂ ಆ ಸದ್ದು ಉಳಿದರೆ ದೋಷ ತಟ್ಟೆಯದಲ್ಲವೆಂಬುದು ಖಚಿತ.

ಎರಡು ಯಂತ್ರಗಳನ್ನು ಹೋಲಿಸುವಾಗ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಕೊಂಚ ಗಟ್ಟಿಯಾದ ದನಿ ಇಂಪಾದ ದನಿಯೆಂದೇ ತೋರುತ್ತದೆ. ಅದಕ್ಕಾಗಿ ಒಂದೇ ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರ್, ಒಂದೇ ಹಾಡು ಇರಬೇಕು. ಎರಡರ ದನಿಯ ಮಟ್ಟವನ್ನೂ ಸರಿಸಮವಾಗಿಸಬೇಕು. ಮನೆಯವರೊಬ್ಬರು ಮರೆಯಲ್ಲಿ ತಂತಿ ಬದಲಿಸಲಿ, ಕೇಳುವವರಿಗೆ ಯಾವ ಯಂತ್ರವೆಂದು ತಿಳಿಯದಿರಲಿ. ಹತ್ತು ಸಲ ಕೇಳಿಯೂ ಗುರುತು ಹತ್ತದಿದ್ದರೆ ಹಣ ಉಳಿಯಿತೆಂದು ಸಂತೋಷಪಡಬಹುದು.

ಇನ್ನೊಂದು ಸುಲಭ ಹಾದಿಯಿದೆ. ಅನೇಕ ಡಿ.ವಿ.ಡಿ. ಪ್ಲೇಯರುಗಳ ಹಿಂಬದಿಯಲ್ಲಿ ಡಿಜಿಟಲ್ ಔಟ್‌ಪುಟ್ ಇರುತ್ತದೆ. ಅಲ್ಲಿಂದ ಅಂಕಿಗಳನ್ನೇ ತಕ್ಕ ಆಂಪ್ಲಿಫೈಯರಿಗೆ ಕಳುಹಿದರೆ, ಅಲೆಯಾಗಿಸುವ ಹೊಣೆ ಅದರದಾಗುತ್ತದೆ. ಎರಡು ಯಂತ್ರಗಳ ಭೇದ ಬಹುಪಾಲು ಅಳಿಯುತ್ತದೆ. ಆದರೆ ಬಳಕೆಯ ಹಿತ ಬೇರೆ ಮಾತು. ಹಾಡು ಆರಿಸಲು ಟಿ.ವಿ. ಹಚ್ಚಬೇಕಾದ ಯಂತ್ರಕ್ಕಿಂತ, ಗುಂಡಿಯೊತ್ತಿದರೆ ಹಾಡುವ ಸಿ.ಡಿ. ಪ್ಲೇಯರ್ ಮನೆಯ ಹಿರಿಯರಿಗೆ ಖಂಡಿತವಾಗಿಯೂ ಅನುಕೂಲ.

ಹಳೆಯ 78 ಸುತ್ತಿನ ತಟ್ಟೆಗಳಿಂದ ಸಿ.ಡಿ.ಗೆ ಇಳಿಸಿದ ಗಾಯನದಲ್ಲಂತೂ ಸೂಜಿಯ ಸರಸರ ಸದ್ದೇ ಯಂತ್ರಗಳ ಸೂಕ್ಷ್ಮ ಭೇದವನ್ನು ನುಂಗಿಬಿಡುತ್ತದೆ. ಅಂಥದೊಂದು ತಟ್ಟೆಯಲ್ಲಿ, ಅಂಗಡಿಯೊಂದರಿಂದ ಕೇಳಿಬಂದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯೇ ಬಾಲಕ ಭೀಮಸೇನರ ಮನಸ್ಸನ್ನು ಸೆಳೆದದ್ದು. 1933ರಲ್ಲಿ, 11ರ ವಯಸ್ಸಿನಲ್ಲಿ, ಅವರು ಗುರುವನ್ನರಸುತ್ತ ಮನೆ ಬಿಟ್ಟರು. ಮೂರು ನಿಮಿಷಗಳ ಆ ತಟ್ಟೆಗೆ ಇಂದಿನ ಅತ್ಯಗ್ಗದ ಯಂತ್ರದ ಸ್ಪಷ್ಟತೆಯೂ ಇರಲಿಲ್ಲ.

ಆದುದರಿಂದ ಕೈಯಲ್ಲಿರುವ ಹಣ ಮೊದಲು ಒಳ್ಳೆಯ ಸ್ಪೀಕರುಗಳಿಗೆ ಸಲ್ಲಲಿ. ಕೋಣೆಯ ದನಿಯನ್ನು ಅವು ಬದಲಿಸುವಷ್ಟು ಬೇರಾವ ಯಂತ್ರವೂ ಬದಲಿಸದು. ಇರುವ ಪ್ಲೇಯರ್ ಗುಂಯ್‌ಗುಟ್ಟಿದರೆ, ಇಲ್ಲವೆ ತಟ್ಟೆಯನ್ನು ಓದಲು ತಡವರಿಸಿದರೆ ಮಾತ್ರ ಹೊಸದರ ಯೋಚನೆ ಸಾಕು. ಅದಕ್ಕೂ ಮುನ್ನ, ಮತ್ತೆ ದೊರೆಯದ ತಟ್ಟೆಗಳನ್ನು ಅಂಕಿಯೊಂದೂ ಕಳೆಯದಂತೆ ಕಂಪ್ಯೂಟರಿಗೆ ಇಳಿಸಿಡುವುದು ಜಾಣತನ. ಯಂತ್ರ ಹೋದರೆ ಮತ್ತೊಂದು ಬಂದೀತು. ತಟ್ಟೆ ಕೆಟ್ಟರೆ ಅದರೊಳಗಿನ ಕಂಠ ಮರಳಿ ಬಾರದು.